ಅರ್ಜಿಗಳ ಗಣಕೀಕೃತ ಪರಿಶೀಲನೆ: ಷರತ್ತುಗಳ ಮೂಲಕ ದಾಖಲೆಗಳ ಶೋಧನೆ ಮತ್ತು ತಾಳೆ

ಪೀಠಿಕೆ

ಸರ್ಕಾರದ ಸೌಲಭ್ಯಗಳಿಗಾಗಿ ಸಲ್ಲಿಸುವ ಅರ್ಜಿಗಳನ್ನು ಅನೇಕ ಸಂದರ್ಭಗಳಲ್ಲಿ ಅಧಿಕಾರಿಗಳಿಗಿಂತ ಮೊದಲು ಗಣಕಯಂತ್ರದ ತಂತ್ರಾಂಶವು ಪರಿಶೀಲಿಸುತ್ತದೆ. ಈ ಪರಿಶೀಲನೆಯ ಕ್ರಮವನ್ನು ಅರಿತಿದ್ದಲ್ಲಿ, ಅರ್ಹತೆಯಿದ್ದೂ ಸೌಲಭ್ಯ ಕೈತಪ್ಪುವುದನ್ನು ಅರ್ಜಿದಾರರು ಬಹುಮಟ್ಟಿಗೆ ತಪ್ಪಿಸಬಹುದು. ಸಾರ್ವಜನಿಕರ ತಿಳುವಳಿಕೆಗಾಗಿ ಅದನ್ನು ಇಲ್ಲಿ ವಿವರಿಸಲಾಗಿದೆ.

1. ದಾಖಲೆ ಮತ್ತು ಷರತ್ತು

ದತ್ತಸಂಚಯದಲ್ಲಿ ಪ್ರತಿಯೊಬ್ಬ ಅರ್ಜಿದಾರರಿಗೂ ಒಂದು ದಾಖಲೆ ಇರುತ್ತದೆ. ಹೆಸರು, ಜನ್ಮ ದಿನಾಂಕ, ಸರ್ವೆ ನಂಬರು, ಬ್ಯಾಂಕ್ ಖಾತೆ ಸಂಖ್ಯೆ ಮುಂತಾದವು ಆ ದಾಖಲೆಯ ಅಂಕಣಗಳು. ತಂತ್ರಾಂಶವು ಪ್ರತಿ ದಾಖಲೆಯನ್ನೂ ನಿಗದಿತ ಷರತ್ತಿಗೆ ಒಳಪಡಿಸಿ, ಷರತ್ತು ನಿಜವಾದಲ್ಲಿ ಮಾತ್ರ ಅದನ್ನು ಪಟ್ಟಿಯಲ್ಲಿ ಉಳಿಸುತ್ತದೆ. ಷರತ್ತುಗಳನ್ನು ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಪದಗಳಿಂದ ಜೋಡಿಸಲಾಗುತ್ತದೆ. ಇಂತಹ ತರ್ಕಕ್ಕೆ ಬೀಜಗಣಿತದ ರೂಪ ನೀಡಿದ ಜಾರ್ಜ್ ಬೂಲ್ ಅವರ ಪ್ರಮುಖ ಗ್ರಂಥವು 1854ರಲ್ಲಿ ಪ್ರಕಟವಾಯಿತು.

2. ಒಂದು ಉದಾಹರಣೆ

2019ರ ಫೆಬ್ರವರಿಯಲ್ಲಿ ಆರಂಭಗೊಂಡ ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಯೋಜನೆಯಲ್ಲಿ, ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೀಡಲು ನಿಗದಿಪಡಿಸಲಾಯಿತು. ಅದರ ಷರತ್ತುಗಳ ಪೈಕಿ ಮೂರನ್ನು ತರ್ಕದ ರೂಪದಲ್ಲಿ ಹೀಗೆ ಬರೆಯಬಹುದು:

(ಅ) ಸಾಗುವಳಿ ಜಮೀನಿನ ಹಿಡುವಳಿದಾರರು, ಮತ್ತು
(ಆ) ಹಿಂದಿನ ಕರನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ಪಾವತಿಸಿದವರು ಅಲ್ಲ, ಮತ್ತು
(ಇ) [ಮಾಸಿಕ ಪಿಂಚಣಿ 10,000 ರೂ. ಅಥವಾ ಅದಕ್ಕಿಂತ ಅಧಿಕ ಇದ್ದು, ಗ್ರೂಪ್ ‘ಡಿ’ ನೌಕರರಲ್ಲದ ನಿವೃತ್ತರು] ಅಲ್ಲ.

ಮೂರನೆಯ ಷರತ್ತಿನಲ್ಲಿ ಆವರಣ ಚಿಹ್ನೆಯ ಸ್ಥಾನ ಮುಖ್ಯವಾದುದು. ಗ್ರೂಪ್ ‘ಡಿ’ ವಿನಾಯಿತಿಯನ್ನು ಆವರಣದೊಳಗೆ ಸೇರಿಸದೆ ಬಿಟ್ಟಲ್ಲಿ, 12,000 ರೂ. ಪಿಂಚಣಿ ಪಡೆಯುವ ನಿವೃತ್ತ ಜವಾನರು ಅರ್ಹರಾಗಿದ್ದರೂ ಪಟ್ಟಿಯಿಂದ ಹೊರಗುಳಿಯುತ್ತಾರೆ.

‘ಎಲ್ಲವೂ ಇರಬೇಕು’ ಎಂಬುದರ ವಿರುದ್ಧ ‘ಯಾವುದೂ ಇಲ್ಲ’ ಎಂಬುದಲ್ಲ. ‘ಯಾವುದಾದರೂ ಒಂದು ಇಲ್ಲ’ ಎಂಬುದಾಗಿದೆ. ಈ ನಿಯಮವು 1806ರಲ್ಲಿ ಮಧುರೈಯಲ್ಲಿ ಜನಿಸಿದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆದುದರಿಂದ ಅರ್ಜಿ ತಿರಸ್ಕೃತವಾದ ಮಾತ್ರಕ್ಕೆ ಎಲ್ಲಾ ದಾಖಲೆಗಳೂ ದೋಷಯುಕ್ತವೆಂದು ಭಾವಿಸಬೇಕಾಗಿಲ್ಲ. ಒಂದೇ ಷರತ್ತು ವಿಫಲವಾಗಿರಬಹುದು.

3. ಹೆಸರುಗಳ ತಾಳೆ

ಕರ್ನಾಟಕದ ಪಹಣಿಯಲ್ಲಿ ‘ಲಕ್ಷ್ಮಮ್ಮ ಕೋಂ ರಾಮಯ್ಯ’ ಎಂದೂ, ಆಧಾರ್‌ನಲ್ಲಿ ‘ಲಕ್ಷ್ಮಮ್ಮ ಆರ್.’ ಎಂದೂ ಇದ್ದಲ್ಲಿ, ಗ್ರಾಮ ಆಡಳಿತ ಅಧಿಕಾರಿಗಳಿಗೆ ಇಬ್ಬರೂ ಒಬ್ಬರೇ ಎಂಬುದು ತಿಳಿದಿರಬಹುದು. ಆದರೆ ಅಕ್ಷರಶಃ ತಾಳೆ ನೋಡುವ ತಂತ್ರಾಂಶಕ್ಕೆ ಅವು ಭಿನ್ನ ಹೆಸರುಗಳು. ಒಂದು ಚುಕ್ಕೆ, ಒಂದು ಖಾಲಿ ಸ್ಥಳ, ಅನುಸ್ವಾರದ ಬದಲು ಕನ್ನಡದ ಸೊನ್ನೆ ಇವುಗಳಿಂದಲೂ ತಾಳೆ ವಿಫಲವಾಗುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ‘ಕೊ’ ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯ ಸಂಕೇತಗಳಿಂದ ದಾಖಲಿಸಲು ಸಾಧ್ಯವಿದೆ.

ಭಾಗಶಃ ತಾಳೆಯನ್ನು ಒಪ್ಪುವ ವಿಧಾನವೂ ಉಂಟು. ಆದರೆ ಅದನ್ನು ಅತಿಯಾಗಿ ಸಡಿಲಿಸಿದಲ್ಲಿ ಅದೇ ಗ್ರಾಮದ ಮತ್ತೊಬ್ಬ ಲಕ್ಷ್ಮಮ್ಮನವರ ದಾಖಲೆಯೂ ಹೊಂದಾಣಿಕೆಯಾಗಿ, ಒಬ್ಬರಿಗೆ ಸಲ್ಲಬೇಕಾದ ಹಣ ಇನ್ನೊಬ್ಬರಿಗೆ ಸಂದಾಯವಾಗುವ ಅಪಾಯವಿದೆ. ಆದಕಾರಣ ಹೆಸರಿನೊಂದಿಗೆ 12 ಅಂಕಿಗಳ ಆಧಾರ್ ಸಂಖ್ಯೆಯಂತಹ ವಿಶಿಷ್ಟ ಗುರುತನ್ನೂ ತಾಳೆ ನೋಡಲಾಗುತ್ತದೆ.

4. ಖಾಲಿ ಬಿಟ್ಟ ಅಂಕಣ

ದತ್ತಸಂಚಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಷರತ್ತಿಗೆ ನಿಜ, ಸುಳ್ಳು, ಅಜ್ಞಾತ ಎಂಬ ಮೂರು ಉತ್ತರಗಳಿವೆ. ಜನ್ಮ ದಿನಾಂಕವಿಲ್ಲದ ದಾಖಲೆಯನ್ನು ‘60 ವರ್ಷ ಮೀರಿದವರು’ ಎಂದು ಶೋಧಿಸಿದರೂ, ‘60 ವರ್ಷ ಮೀರದವರು’ ಎಂದು ಶೋಧಿಸಿದರೂ ಉತ್ತರ ಅಜ್ಞಾತವೇ. ಆ ದಾಖಲೆಯು ಅರ್ಹರ ಪಟ್ಟಿಯಲ್ಲಿಯೂ ಇರುವುದಿಲ್ಲ, ಅನರ್ಹರ ಪಟ್ಟಿಯಲ್ಲಿಯೂ ಇರುವುದಿಲ್ಲ. ಯಾರೂ ತಿರಸ್ಕರಿಸದಿದ್ದರೂ ಅರ್ಜಿದಾರರು ಸೌಲಭ್ಯವಂಚಿತರಾಗುತ್ತಾರೆ. ಆದಾಯವಿಲ್ಲದವರು ಆ ಅಂಕಣದಲ್ಲಿ ‘0’ ಎಂದು ನಮೂದಿಸುವುದು ಇದೇ ಕಾರಣದಿಂದ ಅವಶ್ಯಕ. ಸೊನ್ನೆ ಒಂದು ಉತ್ತರ. ಖಾಲಿ ಅಂಕಣ ಉತ್ತರವಲ್ಲ.

5. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕಗಳಲ್ಲಿ ಹೆಸರು, ಇನಿಷಿಯಲ್ ಹಾಗೂ ಜನ್ಮ ದಿನಾಂಕ ಒಂದೇ ರೀತಿ ಇರುವುದನ್ನು ಅರ್ಜಿ ಸಲ್ಲಿಸುವ ಮುನ್ನ ಖಚಿತಪಡಿಸಿಕೊಳ್ಳುವುದು.
• ಅನ್ವಯಿಸುವ ಯಾವುದೇ ಅಂಕಣವನ್ನು ಖಾಲಿ ಬಿಡದಿರುವುದು.
• ಹೆಸರು ಪಟ್ಟಿಯಲ್ಲಿ ಕಂಡುಬಾರದಿದ್ದಲ್ಲಿ, ಯಾವ ಷರತ್ತು ವಿಫಲವಾಗಿದೆ ಎಂಬುದನ್ನು ನಿರ್ದಿಷ್ಟವಾಗಿ ವಿಚಾರಿಸುವುದು.
• ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿಯನ್ನು ತಿರಸ್ಕರಿಸಿದಲ್ಲಿ, ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸತಕ್ಕದ್ದು. ಅಂತಹ ಸಂದರ್ಭದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.