ಪೆಟ್ಟಿಗೆಯೊಳಗೆ ಕಂದಿದ ರೂಪಾಯಿ

ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹಳೆಯ ಬೆಳ್ಳಿಯ ರೂಪಾಯಿಗಳು ವರುಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ಮನೆಗಳು ನಮ್ಮ ಹೊನ್ನಾಳಿ, ಚನ್ನಗಿರಿಗಳ ಕಡೆ ಇಂದಿಗೂ ಉಂಟು. ಬಂದೊಡನೆ ಅವುಗಳಿಗೆ ಹುಣಿಸೆಹಣ್ಣು ಬೂದಿಗಳ ಮಜ್ಜನ. ಕಪ್ಪು ಕಳೆದು ಬಿಳುಪು ಬಂದಿತೆಂದು ಮನೆಮಂದಿಗೆ ಸಮಾಧಾನ. ಆ ಬೂದಿನೀರಿನೊಡನೆ ಹರಿದುಹೋದುದು ಬರಿಯ ಕೊಳೆಯಲ್ಲ, ಬೆಳ್ಳಿಯೇ ಎಂದು ಹೇಳಿ ನಾನು ಹಲವರ ನಗೆಗೆ ಗುರಿಯಾಗಿದ್ದೇನೆ. ಐವತ್ತು ದೀಪಾವಳಿಗಳನ್ನು ಕಂಡ ರೂಪಾಯಿಯಲ್ಲಿ ವಿಕ್ಟೋರಿಯಾ ರಾಣಿಯ ಮೂಗನ್ನು ಹುಡುಕಿಯೇ ತೆಗೆಯಬೇಕು!

ಬೆಳ್ಳಿಗೆ ಗಾಳಿಯ ಆಮ್ಲಜನಕವೊಂದರಿಂದಲೇ ಕಪ್ಪು ಹತ್ತುವುದಿಲ್ಲ; ಅದರ ಹಗೆ ಗಂಧಕ. ಸಗಣಿ ಕೊಳೆಯುವಲ್ಲಿ, ಕೆಸರಿನಲ್ಲಿ, ಕೆಟ್ಟ ಮೊಟ್ಟೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವು ಅತ್ಯಲ್ಪವಾಗಿ ಎಲ್ಲೆಡೆಯೂ ಸುಳಿದಾಡುತ್ತಿರುತ್ತದೆ. ಅದು ಸೋಂಕಿದೆಡೆ ನಾಣ್ಯದ ಮೇಲ್ಮೈ ಬೆಳ್ಳಿಯ ಸಲ್ಫೈಡಾಗಿ ಮಾರ್ಪಡುತ್ತದೆ. ಈ ಪೊರೆ ಮೊದಮೊದಲು ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟೂ ಇರದು. ಅದರ ಮೇಲಿನಿಂದಲೂ ತಳದಿಂದಲೂ ಮರಳುವ ಬೆಳಕು ಒಂದರೊಡನೊಂದು ಬೆರೆತಾಗ, ಸಾಬೂನಿನ ಗುಳ್ಳೆಯಲ್ಲಿರುವಂತೆ, ಬಣ್ಣ ತೋರುತ್ತದೆ: ಮೊದಲು ಹೊಂಬಣ್ಣ, ಬಳಿಕ ಕೆಂಗಂದು, ನೀಲಿ, ಪೊರೆ ದಪ್ಪವಾದಂತೆ ಕಡೆಗೆ ಕಪ್ಪು. ಒಂದರ ಮೇಲೊಂದು ಪೇರಿಸಿಟ್ಟ ರೂಪಾಯಿಗಳಲ್ಲಿ ಅನಿಲವು ಅಂಚಿನಿಂದ ನುಸುಳುವುದರಿಂದ ಬಣ್ಣವೂ ಉಂಗುರಉಂಗುರವಾಗಿ ನಡುವಿನತ್ತ ಸರಿಯುವುದುಂಟು.

ತೇವವಿದ್ದರೆ ಈ ಕೆಲಸ ಚುರುಕು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಚನ್ನಗಿರಿಯ ಅಡಕೆತೋಟಗಳ ನಡುವೆ ಬೆಳ್ಳಿ ಬೇಗ ಕಂದಿದರೆ ಸೋಜಿಗವಿಲ್ಲ. ಹಾಗಾದರೆ ಮಳೆ ಕಡಿಮೆಯಾದ ಜಗಳೂರಿನ ಬಯಲಿನಲ್ಲಿ ಅದು ಬೆಳ್ಳಗೇ ಉಳಿಯಬೇಕಲ್ಲವೆ? ಕಂಬಳಿಯ ತುಂಡಿನಲ್ಲಿ ಸುತ್ತಿಟ್ಟರೆ ಉಳಿಯದು. ಉಣ್ಣೆಯೊಳಗೇ ಗಂಧಕವುಂಟು; ಕಾಪಾಡಲೆಂದು ಹೊದಿಸಿದುದೇ ಕಪ್ಪು ಹಚ್ಚುತ್ತದೆ.

ಕಪ್ಪಾದುದೆಲ್ಲ ಕಲಬೆರಕೆಯೆಂದು ಬಗೆದು, ಹಿರಿಯರ ಗಳಿಕೆಯನ್ನು ಅಗ್ಗಕ್ಕೆ ಮಾರಿಕೊಂಡವರನ್ನೂ ನಾನು ಬಲ್ಲೆ. ನೋಡಬೇಕಾದುದು ಬಣ್ಣವನ್ನಲ್ಲ, ಇಸವಿಯನ್ನು. ವಿಕ್ಟೋರಿಯಾ, ಐದನೆಯ ಜಾರ್ಜರ ಕಾಲದ 11.66 ಗ್ರಾಂ ತೂಕದ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧದ ಬಿಗಿಯಲ್ಲಿ, 1940ರಲ್ಲಿ, ಅದು ಅರ್ಧಕ್ಕಿಳಿಯಿತು. ಉಳಿದುದರಲ್ಲಿ ಹೆಚ್ಚಿನ ಪಾಲು ತಾಮ್ರ. ಅಂಥವುಗಳ ಮೇಲೆ ಹಸುರು ಕಿಲುಬೂ ಕಾಣಿಸಬಹುದು. 1947ರ ರೂಪಾಯಿಯಾದರೋ ನಿಕ್ಕಲಿನದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ, ಲಂಬಾಣಿಗರ ಪುಣ್ಯಭೂಮಿ. ಲಂಬಾಣಿ ಮುದುಕಿಯರ ಕೊರಳಿನ ರೂಪಾಯಿಸರವನ್ನು ಕಂಡವರಿಗೆ ನನ್ನ ಮಾತು ಬೇಗ ತಿಳಿದೀತು. ಮೈಗೂ ಬಟ್ಟೆಗೂ ಸದಾ ಉಜ್ಜುವುದರಿಂದ ನಾಣ್ಯದ ಉಬ್ಬುಗಳಲ್ಲಿ ಪೊರೆ ನಿಲ್ಲದು, ಹೊಳೆಯುತ್ತವೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಕುಳಿತಿರುತ್ತದೆ. ಆ ಹೊಳಪಿಗೆ ತೆತ್ತ ಬೆಲೆ ಸವೆದ ಮುಖ.

ಪೆಟ್ಟಿಗೆಯ ರೂಪಾಯಿಗೆ ಹತ್ತಿಬಟ್ಟೆ, ಒಣಗಿದ ಡಬ್ಬಿ ಸಾಕು. ಕಪ್ಪನ್ನು ತೆಗೆಯಲೇಬೇಕೆನ್ನುವವರು ಅಲ್ಯುಮಿನಿಯಂ ಹಾಳೆಯ ಮೇಲೆ ನಾಣ್ಯವನ್ನಿಟ್ಟು, ಅಡಿಗೆಸೋಡ ಬೆರೆಸಿದ ಬಿಸಿನೀರನ್ನು ಹೊಯ್ಯಲಿ. ಗಂಧಕವು ಬೆಳ್ಳಿಯನ್ನು ಬಿಟ್ಟುಕೊಡುತ್ತದೆ. ಬೆಳ್ಳಿ ನಾಣ್ಯದಲ್ಲಿಯೇ ಉಳಿಯುತ್ತದೆ, ಮೊದಲಿನ ನುಣುಪು ಮಾತ್ರ ಬಾರದು. ಆಗ ಕೆಟ್ಟ ಮೊಟ್ಟೆಯ ನಾತ ಮೂಗಿಗೆ ಬಡಿದರೆ ಗಾಬರಿ ಬೇಡ. ನಾಣ್ಯದಿಂದ ಬಿಡುಗಡೆ ಹೊಂದಿದ ಗಂಧಕದ ವಾಸನೆಯದು.