ಒಲೆಯಿಲ್ಲದೆ ಪಕ್ವವಾಗುವ ವ್ಯಂಜನ

ದಕ್ಷಿಣ ಕೊರಿಯದ ರಾಜಧಾನಿಯಾದ ಸಿಯೋಲ್ ನಗರದ ಸಣ್ಣದೊಂದು ಭೋಜನಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿರುವೆವೆಂದು ಭಾವಿಸೋಣ. ಜನರ ಗದ್ದಲವಿಲ್ಲ. ಮುಂದೆ ಅನ್ನ, ಸಾರು. ಸುತ್ತಲೂ ಪುಟ್ಟ ಬಟ್ಟಲುಗಳಲ್ಲಿ ಬಗೆಬಗೆಯ ವ್ಯಂಜನಗಳು. ಅವುಗಳಲ್ಲಿ ಹುಳಿ ಖಾರಗಳಿಂದ ಕೂಡಿ ಕೆಂಪಗಿರುವ ಸೊಪ್ಪಿನ ಪದಾರ್ಥವೇ ಕಿಮ್ಚಿ. ಇದನ್ನು ಒಲೆಯ ಮೇಲೆ ಬೇಯಿಸಿಲ್ಲ. ಕಣ್ಣಿಗೆ ಕಾಣದ ಏಕಾಣುಜೀವಿಗಳೇ ಇದನ್ನು ಪಕ್ವಗೊಳಿಸಿವೆ.

ಕೊರಿಯದ ಚಳಿಗಾಲ ಕಠೋರವಾದುದು. ನೆಲ ಹೆಪ್ಪುಗಟ್ಟುವ ಆ ತಿಂಗಳುಗಳಲ್ಲಿ ಹೊಲದಲ್ಲಿ ಸೊಪ್ಪು ತರಕಾರಿ ಬೆಳೆಯುವುದಿಲ್ಲ. ಶರತ್ಕಾಲದ ಫಸಲನ್ನು ವಸಂತದವರೆಗೆ ಕೆಡದಂತೆ ಉಳಿಸಿಕೊಳ್ಳುವುದು ಹಿಂದಿನವರಿಗೆ ಬದುಕಿನ ಪ್ರಶ್ನೆಯೇ ಆಗಿದ್ದಿತು. ಅವರು ಕಂಡುಕೊಂಡ ಉಪಾಯವನ್ನು ನೋಡೋಣ.

ಮೊದಲು ಎಲೆಕೋಸಿನ ಜಾತಿಯ ಸೊಪ್ಪನ್ನು ಉಪ್ಪಿನಲ್ಲಿ ನೆನೆಸುತ್ತಾರೆ. ಉಪ್ಪು ಎಲೆಯ ಕೋಶಗಳಿಂದ ನೀರನ್ನು ಹೊರಕ್ಕೆಳೆಯುತ್ತದೆ. ಎಲೆ ಬಾಡಿ ಮೆತ್ತಗಾಗುತ್ತದೆ. ಪದಾರ್ಥವನ್ನು ಕೊಳೆಯಿಸುವ ಅನೇಕ ಸೂಕ್ಷ್ಮಜೀವಿಗಳು ಉಪ್ಪನ್ನು ತಾಳಲಾರವು. ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಜೀವಿಗಳು ತಾಳಬಲ್ಲವು. ತೊಳೆದ ಎಲೆಗೆ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಮುಂತಾದುವನ್ನು ಸವರಿ, ಮಣ್ಣಿನ ಜಾಡಿಯಲ್ಲಿ ಒತ್ತಿ ತುಂಬುತ್ತಿದ್ದರು. ಗಾಳಿಯ ಸಂಪರ್ಕ ಕಡಮೆಯಾದ ಅಲ್ಲಿ ಈ ಜೀವಿಗಳು ಎಲೆಯ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಹುಳಿಯೇರಿದಂತೆಲ್ಲ ಕೊಳೆಯಿಸುವ ಜೀವಿಗಳು ಮತ್ತಷ್ಟು ಹಿಂಜರಿಯುತ್ತವೆ.

ಜಾಡಿಯನ್ನು ನೆಲದಲ್ಲಿ ಹೂಳುತ್ತಿದ್ದುದಕ್ಕೂ ಕಾರಣವುಂಟು. ನೆಲದೊಳಗೆ ಹೊರಗಿನ ಹಿಮದ ಕೊರೆತವಿಲ್ಲ, ಮನೆಯೊಳಗಿನ ಕಾವೂ ಇಲ್ಲ. ಆದುದರಿಂದ ಹುಳಿ ನಿಧಾನವಾಗಿ ಏರುತ್ತದೆ. ಇಂದು ಅನೇಕ ಮನೆಗಳಲ್ಲಿ ಕಿಮ್ಚಿಗೆಂದೇ ಮಾಡಿದ ಶೀತಪೆಟ್ಟಿಗೆಗಳು ಆ ಕೆಲಸವನ್ನು ನಿರ್ವಹಿಸುತ್ತಿವೆ. ಚಳಿಗಾಲಕ್ಕಾಗಿ ಜನರು ಒಟ್ಟುಗೂಡಿ ಕಿಮ್ಚಿಯನ್ನು ಸಿದ್ಧಪಡಿಸಿ ಹಂಚಿಕೊಳ್ಳುವ 'ಕಿಮ್ಜಾಂಗ್' ಪದ್ಧತಿಯನ್ನು ಯುನೆಸ್ಕೊ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಿಮ್ಚಿ ಹುದುಗುವ ಮೊದಲ ಹಂತದಲ್ಲಿ ವೃದ್ಧಿಯಾಗುವ ಜೀವಿಗಳಲ್ಲಿ ಒಂದರ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಹೆಸರು ಹೊಸದಾದರೂ ಇದು ನಮಗೆ ಅಪರಿಚಿತವಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದರಲ್ಲಿ ಇದರದೇ ಮುಖ್ಯ ಪಾತ್ರ. ಇದು ಬಿಡುವ ಇಂಗಾಲದ ಡೈಆಕ್ಸೈಡ್ ಇಡ್ಲಿಯನ್ನು ಹಗುರಗೊಳಿಸುತ್ತದೆ, ಕಿಮ್ಚಿಯ ರಸಕ್ಕೆ ನಾಲಗೆಯನ್ನು ಚುರುಗುಟ್ಟಿಸುವ ಗುಣವನ್ನು ಕೊಡುತ್ತದೆ. ಒಂದು ವ್ಯತ್ಯಾಸವುಂಟು. ಇಡ್ಲಿಯ ಹಬೆಯಲ್ಲಿ ಈ ಜೀವಿ ಸಾಯುತ್ತದೆ. ಬೇಯಿಸದ ಕಿಮ್ಚಿಯಲ್ಲಾದರೋ ಇದರ ಬಳಗದ ಜೀವಿಗಳು ಬಟ್ಟಲಿಗೆ ಬಂದ ಮೇಲೂ ಬದುಕಿರುತ್ತವೆ. ನಾವು ಮೌನವಾಗಿ ಉಣ್ಣುತ್ತಿರುವಾಗಲೂ ಅವುಗಳ ಕೆಲಸ ನಡೆದೇ ಇರುತ್ತದೆ.