ಅಂಜುವ ನಾಯಿಗೆ ತಕ್ಕ ಮನೆ

ಈ ಪುಟದಲ್ಲಿ ರಾಗಿಯ ತಳಿ, ತೆಂಗಿನ ನುಸಿ, ಹಸುವಿನ ಕೆಚ್ಚಲು ಬಾವು ಮುಂತಾದವನ್ನು ಓದುವುದು ನಿಮ್ಮ ವಾಡಿಕೆ. ಈ ವಾರ ನಾಯಿಯ ವಿಷಯ ಬರೆಯಲು ಕಾರಣವಿದೆ. ಪೇಟೆಯ ಕೆಲವರು ಸಾಕಿ ಬೇಸತ್ತ ನಾಯಿಗಳನ್ನು ರಾತ್ರಿ ಹೊತ್ತು ಕಾರಿನಲ್ಲಿ ತಂದು ಹೆದ್ದಾರಿಯ ಹೋಟೆಲಿನ ಬಳಿ, ಸಂತೆ ಮಾಳದಲ್ಲಿ, ಕೆರೆ ಏರಿಯ ಮೇಲೆ ಬಿಟ್ಟು ಹೋಗುವುದನ್ನು ನೀವೂ ಕಂಡಿರಬಹುದು. ಅವುಗಳಲ್ಲಿ ಧೈರ್ಯದ ನಾಯಿ ಹೇಗೋ ಊರ ನಾಯಿಗಳ ಜೊತೆ ಕಾದಾಡಿ, ರಾಜಿಯಾಗಿ ಬದುಕಿಕೊಳ್ಳುತ್ತದೆ. ಅಂಜುವ ನಾಯಿ ಮಾತ್ರ ಮೋರಿಯ ಕೆಳಗೋ ಬಣವೆಯ ಸಂದಿಯಲ್ಲೋ ಅಡಗಿ ದಿನದಿಂದ ದಿನಕ್ಕೆ ಸೊರಗುತ್ತದೆ. ಅಂಥದೊಂದು ನಾಯಿಗೆ ಮನೆ ಹುಡುಕಲು ಹೋಗಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ನಿಮ್ಮ ಮುಂದೆ ಇಡುತ್ತೇನೆ.

2023ರ ಜೂನ್ ತಿಂಗಳು. ತುಮಕೂರು ಜಿಲ್ಲೆಯಲ್ಲಿ ನಾನಿದ್ದ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜದ ವಿತರಣೆ ಭರದಿಂದ ಸಾಗಿತ್ತು. ಗೋದಾಮಿನ ಹಿಂದೆ ಪೇರಿಸಿಟ್ಟ ಹಳೆಯ ಹಲಗೆಗಳ ಸಂದಿಯಲ್ಲಿ ಕೆಂಚು ಬಣ್ಣದ ಹೆಣ್ಣು ನಾಯಿಯೊಂದು ಸೇರಿಕೊಂಡಿತ್ತು. ವಯಸ್ಸು ಒಂದೂವರೆ ವರ್ಷದಷ್ಟಿರಬಹುದು. ಕುತ್ತಿಗೆಯ ಸುತ್ತ ಕೂದಲು ಸವೆದು ಪಟ್ಟಿಯ ಗುರುತು ಬಿದ್ದಿತ್ತು. ಎಂದರೆ, ಯಾರದೋ ಮನೆಯಲ್ಲಿ ಕಟ್ಟಿ ಸಾಕಿದ್ದ ನಾಯಿ. ಮನುಷ್ಯರ ಹೆಜ್ಜೆಯ ಸದ್ದಾದರೆ ಸಾಕು, ಬಾಲವನ್ನು ಹೊಟ್ಟೆಗೆ ಅವಚಿಕೊಂಡು ಒಳಗೊಳಗೆ ಸರಿಯುತ್ತಿತ್ತು. ಕಸ ಗುಡಿಸಲು ಬರುತ್ತಿದ್ದ ಅಮ್ಮ ದಿನವೂ ಬೆಳಿಗ್ಗೆ ಒಂದು ಹಳೆಯ ತಟ್ಟೆಯಲ್ಲಿ ಮುದ್ದೆ ಕಿವುಚಿ ಇಟ್ಟು ಬರುತ್ತಿದ್ದರು. ಅವರು ಮರೆಯಾದ ಮೇಲೆಯೇ ನಾಯಿ ಬಾಯಿ ಹಾಕುತ್ತಿತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ, ಅವರು ದೂರದಲ್ಲಿ ಕುಳಿತಿದ್ದರೂ ತಿನ್ನತೊಡಗಿತು. ಕೆಂಚಿ ಎಂದು ಹೆಸರಿಟ್ಟವರೂ ಅವರೇ.

ಪಶು ಆಸ್ಪತ್ರೆಯವರ ನೆರವಿನಿಂದ ಅದನ್ನು ಹಿಡಿದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮರಿಯಾಗದಂತೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಹೀಗೆ ಶಸ್ತ್ರಚಿಕಿತ್ಸೆಯಾದ ಬೀದಿ ನಾಯಿಗೆ ಗುರುತಿಗಾಗಿ ಕಿವಿಯ ಅಂಚನ್ನು ಸ್ವಲ್ಪ ಕತ್ತರಿಸುವುದುಂಟು. ಕೆಂಚಿಗೂ ಹಾಗೆ ಮಾಡಿದರು. ಈ ಗುರುತಿನ ಬೆಲೆ ನನಗೆ ಆಮೇಲೆ ತಿಳಿಯಿತು.

ಅದೇ ಸಮಯಕ್ಕೆ ನಾಲ್ಕೆಕರೆ ತೆಂಗಿನ ತೋಟವಿದ್ದ ಯಜಮಾನರೊಬ್ಬರು ಬೀಜಕ್ಕೆಂದು ಬಂದವರು, ತೋಟಕ್ಕೆ ಒಂದು ನಾಯಿ ಬೇಕಾಗಿದೆ ಎಂದರು. ವಿಶಾಲವಾದ ತೋಟ, ಹೊಟ್ಟೆಗೆ ಕೊರತೆಯಿಲ್ಲದ ಮನೆ, ಒಳ್ಳೆಯ ಜನ. ನಾಯಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು ಎಂದುಕೊಂಡು ಒಂದು ಪ್ರಶ್ನೆಯನ್ನೂ ಕೇಳದೆ ಆ ದಿನವೇ ಕಳುಹಿಸಿಬಿಟ್ಟೆ. ಕೃಷಿ ಪದವಿಯ ತರಗತಿಯಲ್ಲಿ ನಮಗೆ ಹಸು, ಕುರಿ, ಕೋಳಿಗಳ ಪಾಠವಿತ್ತು. ನಾಯಿಯ ಪಾಠ ಇರಲಿಲ್ಲ. ಆದರೂ ಮನೆಯವರಿಗೆ ನಾಯಿ ಯಾವ ಕೆಲಸಕ್ಕೆ ಬೇಕು ಎಂದು ಕೇಳಲು ಪದವಿ ಬೇಕಿರಲಿಲ್ಲ.

ಅವರಿಗೆ ಬೇಕಾಗಿದ್ದುದು ಕಾವಲು ನಾಯಿ. ತೋಟದ ನಡುವೆ ಪಂಪಿನ ಮನೆಯ ಬಳಿ ಕಬ್ಬಿಣದ ಸರಪಳಿಯಲ್ಲಿ ಕಟ್ಟಿದರು. ಹೊಸ ಜಾಗ, ಹೊಸ ವಾಸನೆ, ಮೋಟಾರಿನ ಸದ್ದು, ಕಾಯಿ ಬೀಳುವ ಸದ್ದು. ಓಡಿ ಅಡಗಲು ಸಂದಿಯಿಲ್ಲ, ಪರಿಚಯದ ಮುಖವಿಲ್ಲ. ಮೂರನೆಯ ರಾತ್ರಿ ಕೊರಳ ಪಟ್ಟಿಯಿಂದ ತಲೆಯನ್ನು ಹಿಂದಕ್ಕೆ ಕಿತ್ತುಕೊಂಡು ನಾಯಿ ಕಣ್ಮರೆಯಾಯಿತು. ಯಜಮಾನರು ಪ್ರಾಮಾಣಿಕವಾಗಿಯೇ ಹೇಳಿದರು: "ಬೊಗಳದ ನಾಯಿ ಇಟ್ಕೊಂಡು ನಾನೇನ್ಮಾಡ್ಲಿ ಸ್ವಾಮಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೊಗಳದ ನಾಯಿಯನ್ನು ಬೊಗಳುವ ನಾಯಿ ಬೇಕಾದವರಿಗೆ ಕೊಟ್ಟ ತಪ್ಪು ನನ್ನದು.

ಒಂಬತ್ತನೆಯ ದಿನ ಪಕ್ಕದ ಊರಿನಿಂದ ಸುದ್ದಿ ಬಂತು. ಕೆಂಚು ನಾಯಿಯೊಂದು ಶಾಲೆಯ ಹಿಂದಿನ ಮೋರಿಯಲ್ಲಿ ಸೇರಿಕೊಂಡಿದೆ, ಬಾಲ ಅವಚಿಕೊಂಡಿದೆ, ಯಾರು ಕರೆದರೂ ಬಾರದು, ಹಲ್ಲು ತೋರಿಸುತ್ತದೆ, ಅದು ಹುಚ್ಚುನಾಯಿಯೇ ಸರಿ ಎಂದು ಹುಡುಗರು ದೊಣ್ಣೆ ಹಿಡಿದು ನಿಂತಿದ್ದರು. ಪುಣ್ಯಕ್ಕೆ ಹಿರಿಯರೊಬ್ಬರು ತಡೆದು ಪಶು ಆಸ್ಪತ್ರೆಗೆ ಫೋನು ಮಾಡಿದರು. ಆಸ್ಪತ್ರೆಯ ಸಿಬ್ಬಂದಿ ಬಂದು ಕಿವಿಯ ಗುರುತು ನೋಡಿ, ಇದಕ್ಕೆ ಶಸ್ತ್ರಚಿಕಿತ್ಸೆ, ಲಸಿಕೆ ಆಗಿರಬೇಕು ಎಂದು ಜನರನ್ನು ಹಿಂದಕ್ಕೆ ಸರಿಸಿ ನನ್ನನ್ನು ಕರೆಸಿದರು. ಗುಡಿಸುವ ಅಮ್ಮ ಅದೇ ಹಳೆಯ ತಟ್ಟೆ ಹಿಡಿದುಕೊಂಡು ಬಂದರು. ಎಲ್ಲರನ್ನೂ ದೂರ ಕಳುಹಿಸಿ, ಮೋರಿಗೆ ಬೆನ್ನು ಮಾಡಿ ಒಂದು ಗಂಟೆಗೂ ಮಿಕ್ಕಿ ಕುಳಿತರು. ಕೊನೆಗೆ ನಾಯಿ ತೆವಳಿಕೊಂಡು ಬಂದು ಅವರ ಸೀರೆಯ ಅಂಚಿನ ಪಕ್ಕದಲ್ಲಿ ತಲೆಯಿಟ್ಟು ಮಲಗಿತು.

ಇಲ್ಲಿ ಓದುಗರು ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಆ ಹುಡುಗರ ಅನುಮಾನವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಹುಚ್ಚುನಾಯಿ ರೋಗದಲ್ಲಿ ಎಲ್ಲ ನಾಯಿಯೂ ಕಂಡ ಕಂಡದ್ದನ್ನು ಕಚ್ಚುತ್ತಾ ಓಡುವುದಿಲ್ಲ. ಮಂಕು ರೂಪದ ರೋಗದಲ್ಲಿ ನಾಯಿ ಕತ್ತಲ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಸುತ್ತದೆ, ನುಂಗಲಾರದು, ದನಿ ಬದಲಾಗುತ್ತದೆ, ಕಾಲಿನ ಬಲ ಹೋಗುತ್ತದೆ. ಬಾಯಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ತಿಳಿದು ಇಂಥ ನಾಯಿಯ ಬಾಯಿಗೆ ಕೈ ಹಾಕುವುದು ಅತಿ ದೊಡ್ಡ ಅಪಾಯ. ಬರಿಯ ಅಂಜಿಕೆಯ ನಾಯಿ ಜನರಿಲ್ಲದಾಗ ತಿನ್ನುತ್ತದೆ, ನೀರು ಕುಡಿಯುತ್ತದೆ, ದಾರಿ ಬಿಟ್ಟರೆ ಓಡಿಹೋಗುತ್ತದೆ. ಆದರೂ ಕಣ್ಣಿನಿಂದ ನೋಡಿ ತೀರ್ಮಾನಿಸುವುದು ನಿಮ್ಮ ಕೆಲಸವೂ ಅಲ್ಲ, ನನ್ನದೂ ಅಲ್ಲ; ಪಶುವೈದ್ಯರನ್ನು ಕರೆಸತಕ್ಕದ್ದು. ಇನ್ನೊಂದು ವಿಷಯ: ಲಸಿಕೆಗೆ ಮೊದಲೇ ಸೋಂಕು ತಗಲಿದ್ದರೆ ಅದು ಹೊರಬೀಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಗೊತ್ತುಗುರಿಯಿಲ್ಲದ ನಾಯಿಯನ್ನು ತಂದ ಮೊದಲ ಕೆಲವು ತಿಂಗಳು ಮಕ್ಕಳ ಕೈಗೆ ಕೊಡಕೂಡದು.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಕೊಡುತ್ತಾರೆ. ಆಳವಾದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವೂ ಬೇಕು. ಎರಡು ಸೂಜಿ ಹಾಕಿಸಿಕೊಂಡು ಗದ್ದೆ ಕೆಲಸ ಬಂತೆಂದು ಉಳಿದದ್ದನ್ನು ಬಿಡುವವರನ್ನು ನಾನು ಕಂಡಿದ್ದೇನೆ. ರೋಗ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಇನ್ನು ಮನೆಯ ವಿಷಯಕ್ಕೆ ಬರೋಣ. ಎರಡನೆಯ ಸಲ ನಾನು ಅವಸರ ಮಾಡಲಿಲ್ಲ. ಕೆಂಚಿಯನ್ನು ಕೇಂದ್ರದ ಹಿಂದೆಯೇ ಇಟ್ಟುಕೊಂಡು ಒಂದೂವರೆ ತಿಂಗಳು ಹುಡುಕಿದೆ. ಕೇಳಿ ಬಂದವರು ಐದು ಜನ. ಅವರೆಲ್ಲರನ್ನೂ ನಾನು ಕೇಳಿದ್ದು ಹೀಗೆ: ಹಗಲು ಮನೆಯಲ್ಲಿ ಯಾರಿರುತ್ತಾರೆ? ಅನ್ನ ಹಾಕುವವರು ದಿನವೂ ಒಬ್ಬರೇ ಇರುತ್ತಾರೆಯೇ? ಹಿತ್ತಲಿಗೆ ಗೋಡೆಯೋ ಬೇಲಿಯೋ ಇದೆಯೇ? ಸಣ್ಣ ಮಕ್ಕಳಿದ್ದಾರೆಯೇ? ಮುಂದಿನ ಎರಡು ಮೂರು ತಿಂಗಳಲ್ಲಿ ಮನೆಯಲ್ಲಿ ಮದುವೆ, ಜಾತ್ರೆ, ಪಟಾಕಿ ಇದೆಯೇ? ಮನೆಯಲ್ಲಿ ಬೇರೆ ನಾಯಿ ಇದೆಯೇ, ಅದರ ಸ್ವಭಾವ ಹೇಗೆ? ಇಷ್ಟೆಲ್ಲ ಕೇಳಿದ ಮೇಲೆ ಕೊನೆಯ ಪ್ರಶ್ನೆ ಒಂದಿತ್ತು: ಈ ನಾಯಿ ಒಂದು ವರ್ಷ ಬೊಗಳದೆ, ಹತ್ತಿರವೂ ಬಾರದೆ ಮೂಲೆಯಲ್ಲೇ ಇದ್ದರೆ ಇಟ್ಟುಕೊಳ್ಳುತ್ತೀರಾ? ಈ ಪ್ರಶ್ನೆಗೆ ನಾಲ್ವರು ನಕ್ಕು ಎದ್ದು ಹೋದರು. ಅದರಿಂದ ನನಗೆ ಬೇಸರವಾಗಲಿಲ್ಲ. ಮನೆಗೆ ಹೋದ ಮೇಲೆ ಓಡಿಸುವುದಕ್ಕಿಂತ ಮೊದಲೇ ಬೇಡವೆನ್ನುವುದು ಎಷ್ಟೋ ಮೇಲು.

ಐದನೆಯವರು ಅರವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡಿದ್ದಾರೆ. ತಮ್ಮನ ಜೊತೆ ವಾಸ, ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ಒಂದು ಮುದಿ ನಾಯಿ. ರೇಷ್ಮೆ ಹುಳು ಸಾಕುವ ಮನೆಯಾದ್ದರಿಂದ ಗದ್ದಲ ಕಡಿಮೆ, ದಿನಚರಿ ಗಡಿಯಾರದಂತೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ನಂಗೂ ಹೊಸಬ್ರ ಹತ್ರ ಮಾತಾಡಕ್ಕೆ ಬರಲ್ಲ ಸಾರ್. ಇರ್ಲಿ ಬಿಡಿ, ಅದ್ರ ಪಾಡಿಗೆ ಅದು ಇರ್ಲಿ" ಎಂದರು.

ಹೊಸದಾಗಿ ಕೊಂಡು ತಂದ ಹಸು ಗುರುತಿಲ್ಲದ ಕೈಗೆ ಹಾಲು ಇಳಿಸದೆ ಬಿಗಿಹಿಡಿಯುವುದು ನಿಮಗೆ ಗೊತ್ತು. ಅದು ಹಟವಲ್ಲ, ಹೆದರಿದಾಗ ಮೈಯಲ್ಲಿ ಹುಟ್ಟುವ ರಸವೇ ಹಾಲಿನ ಇಳಿತವನ್ನು ತಡೆಯುತ್ತದೆ. ಬಡಿದರೆ ಇನ್ನಷ್ಟು ಬಿಗಿಯಾಗುತ್ತದೆ. ನಾಯಿಯ ಅಂಜಿಕೆಯೂ ಹಾಗೆಯೇ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಆ ಮನೆಯಲ್ಲಿ ಕೊಟ್ಟಿಗೆಯ ಒಂದು ಮೂಲೆಗೆ ಗೋಣಿಚೀಲ ಹಾಸಿ, ಎದುರಿಗೆ ಹಲಗೆಯೊಂದನ್ನು ಮರೆ ಮಾಡಿದರು. ಆಕೆಯೇ ದಿನಕ್ಕೆರಡು ಹೊತ್ತು ಅದೇ ವೇಳೆಗೆ ಅನ್ನ ಇಟ್ಟು, ನಾಯಿಯನ್ನು ದಿಟ್ಟಿಸದೆ ಪಕ್ಕಕ್ಕೆ ತಿರುಗಿ ಹಸುವಿಗೆ ಹುಲ್ಲು ಹಾಕುತ್ತಾ ಇರುತ್ತಿದ್ದರು. ಮೂಲೆಯಿಂದ ಎಳೆದು ತೆಗೆಯಲಿಲ್ಲ. ನೆತ್ತಿಯ ಮೇಲೆ ಕೈಯಾಡಿಸಲು ಹೋಗಲಿಲ್ಲ. ಮೇಲಿನಿಂದ ಬರುವ ಕೈ ಅಂಜುವ ನಾಯಿಗೆ ಹೊಡೆಯುವ ಕೈಯಂತೆಯೇ ಕಾಣುತ್ತದೆ. ಹೊರಗೆ ಕರೆದೊಯ್ಯುವಾಗ ಕೊರಳಿಗೆ ಬರಿಯ ಪಟ್ಟಿಯ ಬದಲು ಎದೆ ಹೆಗಲುಗಳನ್ನು ಬಳಸುವ ಪಟ್ಟಿ ಕಟ್ಟಿ ಉದ್ದ ಹಗ್ಗ ಹಿಡಿದರು. ಅದರಿಂದ ನಾಯಿ ಹಿಂದಕ್ಕೆ ಜಾರಿಕೊಳ್ಳುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಆ ಮುದಿ ನಾಯಿ. ಅದು ಆಕೆಯ ಬಳಿಗೆ ಹೋಗಿ ಕುಳಿತುಕೊಳ್ಳುವುದನ್ನು ನೋಡಿ ನೋಡಿ ಕೆಂಚಿಯೂ ಅದರ ಹಿಂದೆಯೇ ಬರತೊಡಗಿತು.

ತೋಟದ ಮನೆಯ ಕೆಲವು ಅಪಾಯಗಳನ್ನು ಮರೆಯಬಾರದು. ಇಲಿಗೆ ಇಡುವ ಸತುವಿನ ಫಾಸ್ಫೈಡ್ ಬೆರೆತ ತಿಂಡಿ ನಾಯಿಗೂ ವಿಷವೇ. ಸತ್ತ ಇಲಿಯನ್ನೂ ಹೂಳಿ. ಕೀಟನಾಶಕದ ಡಬ್ಬಿ, ಸಿಂಪಡಿಸಿದ ದಿನದ ಬಕೆಟ್ಟು ಅದರ ಬಾಯಿಗೆ ಸಿಗಕೂಡದು. ಈರುಳ್ಳಿ ಹಾಕಿದ ಸಾರು, ಬೇಯಿಸಿದ ಕೋಳಿಮೂಳೆ ಬೇಡ. ಜಂತು ಹುಳುವಿಗೂ ಉಣ್ಣೆಗೂ ಪಶುವೈದ್ಯರನ್ನು ಕೇಳಿ ಔಷಧ ಕೊಡಿ. ಚಿರತೆ ಓಡಾಡುವ ಸೀಮೆಯಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು. ಆದ್ದರಿಂದ ಒಳಗೆ ಕೂಡಿ ಬಾಗಿಲು ಹಾಕಿ.

ಕಾನೂನಿನ ಮಾತೂ ಒಂದೆರಡು ಇದೆ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆದು ಹೋಗುವುದು, ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು, ಇವೆರಡೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಎರಡನೆಯದು ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತದೆ ಎಂಬುದು ಅನೇಕರಿಗೆ ತಿಳಿಯದು.

ಕೆಂಚಿ ಆ ಮನೆಗೆ ಹೋದದ್ದು 2023ರ ಸೆಪ್ಟೆಂಬರಿನಲ್ಲಿ. ದೀಪಾವಳಿಯ ಮೂರು ದಿನ ಹುಳುಮನೆಯ ಕೆಳಗೆ ಅಡಗಿ ಅನ್ನ ಮುಟ್ಟಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಆಕೆಯ ಕೈಯಿಂದಲೇ ರೊಟ್ಟಿ ತಿಂದಿತು. ಮೊದಲ ಸಲ ಬೊಗಳಿದ್ದು ಏಳನೆಯ ತಿಂಗಳು, ಹಾಲಿನ ಡೇರಿಯ ಹುಡುಗನನ್ನು ಕಂಡು. ಆಕೆ ಅದನ್ನು ಫೋನಿನಲ್ಲಿ ಹೇಳಿದಾಗ, ನಮ್ಮ ಗುಡಿಸುವ ಅಮ್ಮ ಇನ್ನೊಂದು ಸಲ ಹೇಳಿಸಿ ಕೇಳಿದರು. ಗಂಡಸರು ಟೋಪಿ ಹಾಕಿಕೊಂಡು ಬಂದರೆ ಈಗಲೂ ಹಲಗೆಯ ಹಿಂದೆ ಸರಿಯುತ್ತದೆ. ನಾನು ಹೋದರೂ ಹಾಗೆಯೇ. ಹಿಡಿದು ಎಳೆದುಕೊಂಡು ಹೋದವನನ್ನು ಅದು ಮರೆತಿಲ್ಲವೇನೋ.

ನಿಮ್ಮ ಊರಿನಲ್ಲಿ ಇಂಥ ನಾಯಿ ಕಂಡರೆ ಕಲ್ಲೆಸೆಯದಂತೆ ಮಕ್ಕಳಿಗೆ ಹೇಳಿ, ನೀರು ಅನ್ನ ಒಂದು ಕಡೆ ಇಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಮನೆಗೆ ಕರೆದುಕೊಂಡವರು ಲಸಿಕೆಯ ಚೀಟಿಯನ್ನು ಪಹಣಿ, ಪಾಸ್‌ಬುಕ್ ಇಡುವ ಜಾಗದಲ್ಲೇ ಜೋಪಾನವಾಗಿಟ್ಟು, ಮುಂದಿನ ವರ್ಷದ ಲಸಿಕೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.